ಮಾವ ಬರೆದುಕೊಟ್ಟದ್ದು

ನನ್ನ ಶಾಲೆಯ ಪ್ರಗತಿಪತ್ರಗಳಿಗೆಲ್ಲ ಸಹಿ ಹಾಕಿದವರು ಮಾವ, ಅಮ್ಮನ ಅಣ್ಣ. ಅಪ್ಪ ಇರಲಿಲ್ಲವೆಂದಲ್ಲ. ಅವರು ಕಾರ್ಕಳದಲ್ಲಿ ಬಸ್ ಕಂಪೆನಿಯೊಂದರ ಗುಮಾಸ್ತರು. ಅಲ್ಲೇ ತಮ್ಮ ತಾಯಿಯ ಮನೆಯಲ್ಲಿದ್ದುಕೊಂಡು, ಶನಿವಾರ ಸಂಜೆ ಬೆಳ್ಮಣ್ ದಾರಿಯಾಗಿ ಪಡುಬಿದ್ರಿಗೆ ಬಂದು, ಬಸ್ಸು ಬದಲಿಸಿ ಕಾಪುವಿನ ನಮ್ಮ ಮನೆಗೆ ಬರುತ್ತಿದ್ದರು. ಸೋಮವಾರ ಬೆಳಿಗ್ಗೆ ಹೊರಟುಬಿಡುತ್ತಿದ್ದರು. ನಮ್ಮದು ಅಳಿಯಕಟ್ಟಿನ ಮನೆ. ಮಕ್ಕಳು ತಾಯಿಯ ಕಡೆಗೆ ಸೇರಿದವರು, ತಾಯಿಯ ಅಣ್ಣನೇ ಯಜಮಾನ. ನನ್ನ ಹೆಸರಿನ ಜೊತೆಗಿದ್ದ ಮನೆತನದ ಹೆಸರೂ ಮಾವನದೇ, ಅಪ್ಪನದು ಬೇರೆ. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಇಪ್ಪತ್ಮೂರು ವರ್ಷ ನನಗೆ ಹೊಳೆದೇ ಇರಲಿಲ್ಲ.

ಮಾವ ಮದುವೆಯಾಗಲಿಲ್ಲ. ಮನೆಯಲ್ಲಿ ನಾವಿದ್ದದ್ದು ಅವರು, ಅಮ್ಮ, ದೊಡ್ಡಮ್ಮ, ದೊಡ್ಡಮ್ಮನ ಮಗ ಮತ್ತು ನಾನು. ದೊಡ್ಡಮ್ಮನ ಗಂಡ ಬೇಗ ತೀರಿಕೊಂಡಿದ್ದರಿಂದ ಅವರ ಮಗನಿಗೂ ಅಪ್ಪನ ಜಾಗದಲ್ಲಿ ಮಾವನೇ. ಅವನನ್ನು ನಾನು ಅಣ್ಣ ಎನ್ನುತ್ತಿದ್ದೆ. ಬೇರೆ ಏನೆನ್ನಬೇಕು? ಒಂದೇ ಚಾಪೆಯಲ್ಲಿ ಮಲಗಿ, ಒಂದೇ ಕಾರಣಕ್ಕೆ ಒಂದೇ ಕೋಲಿನಿಂದ ಪೆಟ್ಟು ತಿಂದು ಬೆಳೆದವರು ನಾವು. ಎಂಬತ್ತನೆಯ ಇಸವಿಯ ಹೊತ್ತಿಗೆ ಅವನು ವಿದೇಶದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಯಾವ ದೇಶ ಎಂದು ಹೇಳುವುದಿಲ್ಲ. ಹೇಳಿದರೆ ಈಗ ಅಲ್ಲೇ ಇರುವ ನೆಂಟರು ಮುಖ ದಪ್ಪ ಮಾಡಿಕೊಳ್ಳುತ್ತಾರೆ.

ನಾನು ಉಡುಪಿಯಲ್ಲಿ ಬಿ.ಕಾಂ. ಮುಗಿಸಿ ಮಣಿಪಾಲದ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದೆ, ವಾಸ ಅಲ್ಲೇ ಹಾಸ್ಟೆಲಿನಲ್ಲಿ. ಅಣ್ಣ ಇದ್ದ ದೇಶದಲ್ಲೇ ಬಿಸಿನೆಸ್ ಕಲಿಸುವ ಎಂ.ಬಿ.ಎ. ಓದಬೇಕೆಂಬ ಹುಚ್ಚು ಹಿಡಿದದ್ದು ಮಣಿಪಾಲದ ಲೈಬ್ರರಿಯಲ್ಲಿ ವಿದೇಶಿ ಕಾಲೇಜುಗಳ ಕೈಪಿಡಿ ಕಂಡಾಗ. ಆಫೀಸು ಬಿಟ್ಟ ಮೇಲೆ ಅಲ್ಲೇ ಕೂತು ವಿಳಾಸಗಳನ್ನು ನಕಲು ಮಾಡಿಕೊಂಡೆ, ಅರ್ಜಿಗಳನ್ನು ಆಫೀಸಿನ ಟೈಪ್‌ರೈಟರಿನಲ್ಲೇ ಕದ್ದು ಹೊಡೆದೆ. ಒಂದು ಕಡೆಯಿಂದ ಸೀಟು ಬಂತು. ಹೆಂಗಸಿಗೆ ಎಂತ ಬಿಸಿನೆಸ್ ಎಂದು ಊರಿನವರು ಕೇಳಿದಾಗ, ಮಾವ ಕಡಲ ಕಡೆಗೆ ಕೈ ತೋರಿಸಿ, ಬೆಳಗಾದರೆ ಬುಟ್ಟಿ ಹೊತ್ತು ಹೋಗುವ ಮೀನಿನ ಹೆಂಗಸರು ಮತ್ತೇನು ಭಜನೆಗೆ ಹೋಗುವುದಾ ಎಂದು ಕೇಳಿದ್ದರು. ಮನೆಯ ಸಂತಾನ ಮುಂದುವರಿಯಬೇಕಾದದ್ದು ಹೆಣ್ಣಾದ ನನ್ನಿಂದ. ನನ್ನನ್ನು ಕಳುಹಿಸುವುದೆಂದರೆ ಸಣ್ಣ ಮಾತಲ್ಲ. ಆದರೂ ಅವರು ಒಂದೇ ದಿನದಲ್ಲಿ ಒಪ್ಪಿದರು, ಖರ್ಚು ನನ್ನದು ಎಂದು ಬರೆದೂ ಕೊಟ್ಟರು.

ವೀಸಾದ ಸಂದರ್ಶನ ಮದ್ರಾಸಿನಲ್ಲಿ. ಕಿಟಕಿಯ ಆಚೆಗಿದ್ದ ಅಧಿಕಾರಿ ನನ್ನ ಅರ್ಜಿಯನ್ನು ತಿರುವಿ ಹಾಕಿ, ತಂದೆಯ ಹೆಸರು ಬೇರೆ, ನಿಮ್ಮ ಹೆಸರು ಬೇರೆ, ಹಣ ಕೊಡುವವರ ಹೆಸರು ಮಾತ್ರ ನಿಮ್ಮದೇ, ಯಾಕೆ ಎಂದು ಕೇಳಿದ. ಮಾವ ಎಂದೆ. ತಂದೆ ಬದುಕಿರುವಾಗ ಮಾವ ಯಾಕೆ ಎಂದ. ನಮ್ಮಲ್ಲಿ ಹಾಗೆ ಎಂದೆ. ಅವನು ಏನೋ ಗೀಚಿಕೊಂಡು, ನಮ್ಮ ದೇಶದಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಅಣ್ಣ ಇದ್ದಾನೆ, ನನ್ನ ಬ್ರದರ್, ಎಂದೆ.

ಅರ್ಜಿಯಲ್ಲಿ ಒಡಹುಟ್ಟಿದವರು ಎಂಬಲ್ಲಿ ನಾನು 'ಇಲ್ಲ' ಎಂದು ಬರೆದಿದ್ದೆ. ಒಡಹುಟ್ಟಿದವರು ಇರಲಿಲ್ಲ ತಾನೆ? ಅವನು ಆ ಸಾಲಿನ ಮೇಲೆ ಪೆನ್ನು ಇಟ್ಟ. ಅಮ್ಮನ ಅಕ್ಕನ ಮಗ ಎಂದು ವಿವರಿಸಿದೆ. ಹಾಗಾದರೆ ಕಸಿನ್ ಅನ್ನಿ ಎಂದ. ಆ ಪದ ನನಗೆ ಗೊತ್ತಿತ್ತು. ಇಂಗ್ಲಿಷ್ ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಕಿಟಕಿಯ ಆಚೆಯವನೊಬ್ಬ ಅಣ್ಣನನ್ನು ದೂರದ ನೆಂಟನನ್ನಾಗಿ ಮಾಡುತ್ತಿದ್ದಾನೆ ಅನಿಸಿ ಸಿಟ್ಟು ನೆತ್ತಿಗೇರಿತು. ಕಸಿನ್ ಅಲ್ಲ, ಬ್ರದರ್, ಎಂದೆ. ಎರಡು ಸಲ ಹೇಳಿದೆ. ಅಣ್ಣನ ಮನೆತನದ ಹೆಸರೂ ನನ್ನದೂ ಮಾವನದೂ ಒಂದೇ. ಮಾವನೇ ನಿಜವಾದ ತಂದೆ, ಮಗನನ್ನು ಮೊದಲೇ ದಾಟಿಸಿ ಈಗ ಮಗಳನ್ನೂ ಸುಳ್ಳು ದಾಖಲೆಯಲ್ಲಿ ದಾಟಿಸುತ್ತಿದ್ದಾನೆ ಎಂದು ಅಧಿಕಾರಿ ಲೆಕ್ಕ ಹಾಕಿದ. ಪಾಸ್‌ಪೋರ್ಟ್ ಖಾಲಿಯಾಗಿ ವಾಪಸು ಬಂತು.

ಕಾಲೇಜಿನವರು ಮುಂದಿನ ಟರ್ಮಿನವರೆಗೆ ಸೀಟು ಕಾದಿರಿಸಲು ಒಪ್ಪಿದರು. ಅಷ್ಟರೊಳಗೆ ವೀಸಾ ಆಗದಿದ್ದರೆ ಇಲ್ಲ. ಉಡುಪಿಯ ವಕೀಲರೊಬ್ಬರು ಇಡೀ ಕಥೆ ಕೇಳಿ, ಅಳಿಯಕಟ್ಟನ್ನು ಆ ಜನಕ್ಕೆ ಕಲಿಸಲು ಹೊರಟರೆ ನೀನು ಮುದುಕಿಯಾಗುತ್ತೀ ಎಂದರು. ಅವರ ಉಪಾಯ ಸುಲಭದ್ದು. ಇನ್ನು ಮೇಲೆ ಎಲ್ಲ ಕಾಗದಕ್ಕೂ ಅಪ್ಪನೇ ಸಹಿ ಹಾಕಬೇಕು. ಮಾವ ಛಾಪಾ ಕಾಗದದ ಮೇಲೆ ಒಂದು ಅಫಿಡವಿಟ್ ಬರೆದುಕೊಟ್ಟು ಪಕ್ಕಕ್ಕೆ ಸರಿಯಬೇಕು.

ಹಾಗಾಗಿ ಒಂದು ದಿನ ನಾವು ಮೂವರು ವಕೀಲರ ಆಫೀಸಿನ ಬೆಂಚಿನ ಮೇಲೆ ಕುಳಿತಿದ್ದೆವು, ನಡುವೆ ನಾನು. ಅಪ್ಪ ರಜೆ ಹಾಕಿ ಕಾರ್ಕಳದಿಂದ ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಜೀವಮಾನದಲ್ಲಿ ಮೊದಲ ಬಾರಿಗೆ ಮಗಳ ಕಾಗದಕ್ಕೆ ಸಹಿ ಹಾಕುವ ಯೋಗ ಬಂದಿತ್ತು ಅವರಿಗೆ. ಆದರೆ ಹೆಗಲು ಇಳಿಸಿ, ತಪ್ಪು ಮಾಡಿದವರಂತೆ ಕೂತಿದ್ದರು. ಮಾವನಿಗೆ ಇಂಗ್ಲಿಷ್ ಬಾರದು. ಎಂತ ಬರೆದದ್ದು, ಓದಿ ಹೇಳಿ ಎಂದು ಕೇಳಿದರು. ವಕೀಲರು ಕನ್ನಡದಲ್ಲಿ ಹೇಳಿದರು. ಮೇಲ್ಕಂಡ ಯುವತಿ ನನ್ನ ಮಗಳಲ್ಲ. ಅವಳು ನನ್ನ ಆಶ್ರಯದಲ್ಲಿ ಇಲ್ಲ. ಅವಳ ಪಾಲನೆ, ವಿದ್ಯಾಭ್ಯಾಸ ಯಾವುದರ ಹೊಣೆಯೂ ನನ್ನದಾಗಿರಲಿಲ್ಲ, ಈಗಲೂ ಅಲ್ಲ.

ಮಾವ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಮಗಳಲ್ಲ, ಅದು ಸರಿ ಉಂಟು," ಎಂದರು. "ಕಡೆಯದ್ದು ಯಾಕೆ ವಕೀಲರೇ? ಅದು ಸುಳ್ಳಲ್ವಾ?"

ಅದನ್ನು ಬಿಟ್ಟರೆ ಕಾಗದಕ್ಕೆ ಬೆಲೆಯೇ ಇಲ್ಲ ಎಂದರು ವಕೀಲರು. ಅಪ್ಪ ನೆಲ ನೋಡುತ್ತಿದ್ದರು. ಮಾವ ನನ್ನ ಕಡೆಗೆ ತಿರುಗಿದರು. ಬೇಡ ಎಂದು ನಾನು ಹೇಳಬಹುದಿತ್ತು. ಬೇರೆ ದಾರಿ ಹುಡುಕುವ ಎನ್ನಬಹುದಿತ್ತು. ಮದ್ರಾಸಿನಲ್ಲಿ ಅಣ್ಣನಿಗಾಗಿ ನೆತ್ತಿಗೇರಿದ್ದ ಸಿಟ್ಟು ಈಗ ಎಲ್ಲಿ ಹೋಗಿತ್ತೋ.

"ಸಹಿ ಹಾಕಿ ಮಾವ," ಎಂದೆ, "ನೋಟರಿಯವರು ಊಟಕ್ಕೆ ಹೋಗ್ತಾರೆ."

ಅವರು ಸಹಿ ಹಾಕಿದರು. ಪ್ರಗತಿಪತ್ರದ ಮೇಲೆ ಹಾಕುತ್ತಿದ್ದ ಅದೇ ಸಹಿ, ಕೊನೆಯ ಅಕ್ಷರದ ಬಾಲ ಉದ್ದ ಎಳೆದದ್ದು. ಆಮೇಲೆ ಹೋಟೆಲಿಗೆ ಹೋಗಿ ಮೂವರೂ ಊಟ ಮಾಡಿದೆವು. ಎರಡನೆಯ ಸಂದರ್ಶನ ಐದು ನಿಮಿಷದಲ್ಲಿ ಮುಗಿಯಿತು. ಅಲ್ಲಿ ಯಾರಿದ್ದಾರೆ ಎಂದು ಕೇಳಿದಾಗ ಕಸಿನ್ ಎಂದೆ.

ಓದು ನಾನು ಅಂದುಕೊಂಡಂತೆ ಇರಲಿಲ್ಲ. ಚಳಿ, ಅರ್ಥವಾಗದ ನಗು, ತರಗತಿಯಲ್ಲಿ ದೊಡ್ಡ ದೊಡ್ಡ ಕಂಪೆನಿಗಳ ಕಷ್ಟವನ್ನು ನಮ್ಮದೇ ಎಂಬಂತೆ ಚರ್ಚಿಸುವುದು. ನನ್ನ ಗುಂಪಿನಲ್ಲಿದ್ದ ನಾಲ್ವರು ನಾನು ಹೇಳಿದ್ದನ್ನು ಮತ್ತೆ ತಾವೇ ಹೇಳಿ ಅಂಕ ತೆಗೆದುಕೊಳ್ಳುತ್ತಿದ್ದರು. ಅಣ್ಣನಿದ್ದ ಊರು ಬಸ್ಸಿನಲ್ಲಿ ಒಂದು ಇಡೀ ದಿನದ ದಾರಿ. ಎರಡು ವಾರಕ್ಕೊಮ್ಮೆ ಅಮ್ಮನ ಏರೋಗ್ರಾಂ ಬರುತ್ತಿತ್ತು. ಮೊದಲು ಮಣಿಪಾಲದ ಹಾಸ್ಟೆಲಿಗೆ ಅಮ್ಮ ಬರೆಯುತ್ತಿದ್ದ ಪ್ರತಿ ಕಾರ್ಡಿನ ಕೊನೆಗೂ ಮಾವನ ಒಂದು ಸಾಲು ಇರುತ್ತಿತ್ತು, ಸರಿಯಾಗಿ ಊಟ ಮಾಡು ಎಂದೋ ಏನೋ. ಈ ಕಾಗದಗಳಲ್ಲಿ ಅದು ಇರಲಿಲ್ಲ. ಯಾಕೆಂದು ಕೇಳಿ ಬರೆದಾಗ ಅಮ್ಮನ ಉತ್ತರ ಬಂತು: ತಾನು ಬರೆದರೆ ಅವಳಿಗೆ ಅಲ್ಲಿ ತೊಂದರೆ ಆಗ್ಲಿಕ್ಕುಂಟಾ ಎಂದು ಮಾವ ಕೇಳುತ್ತಾರಂತೆ. ಕಾಗದವನ್ನು ಯಾರಾದರೂ ಒಡೆದು ಓದಿದರೆ ತಾವು ಹೊಣೆ ಇಲ್ಲ ಎಂದು ಬರೆದುಕೊಟ್ಟದ್ದು ಸುಳ್ಳೆಂದು ಗೊತ್ತಾಗುತ್ತದೆ ಎಂಬ ಭಯ ಅವರಿಗೆ.

ಎರಡನೆಯ ವರ್ಷದ ಕೊನೆಯ ಪರೀಕ್ಷೆಗಳು ಶುರುವಾಗುವ ವಾರ ಟೆಲಿಗ್ರಾಂ ಬಂತು. ಕಾರ್ಕಳದಿಂದ ಅಪ್ಪ ಕಳುಹಿಸಿದ್ದು. ಅಂಕಲ್ ಎಕ್ಸ್‌ಪೈರ್ಡ್, ಎರಡೇ ಪದ. ಅದನ್ನು ಹಿಡಿದುಕೊಂಡು ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಹೋದೆ. ಮೇಜಿನ ಹಿಂದಿದ್ದ ಹೆಂಗಸು ಅದನ್ನು ಓದಿ, ಏನು ಎಕ್ಸ್‌ಪೈರ್ ಆದದ್ದು, ನಿಮ್ಮ ವೀಸಾವೇ ಎಂದು ಕೇಳಿದಳು. ಅಲ್ಲಿ ಆ ಪದ ಹಾಲಿನ ಪೊಟ್ಟಣಕ್ಕೂ ವೀಸಾಕ್ಕೂ ಮಾತ್ರ. ಸತ್ತರು ಎಂದು ಬಿಡಿಸಿ ಹೇಳಬೇಕಾಯಿತು. ಅವಳು ನಿಜವಾಗಿ ನೊಂದುಕೊಂಡಳು. ನನ್ನ ಫೈಲು ತೆರೆದಳು. ತಂದೆ, ತಾಯಿ, ಗಂಡ, ಒಡಹುಟ್ಟಿದವರು ತೀರಿಕೊಂಡರೆ ಪರೀಕ್ಷೆ ಮುಂದೂಡಬಹುದು, ವಾಪಸು ಬರಲು ಪತ್ರವನ್ನೂ ಕೊಡಬಹುದು ಎಂದಳು. ಆಮೇಲೆ ಮೆಲ್ಲಗೆ, ಅವರೇ ನಿಮ್ಮನ್ನು ಸಾಕಿದವರೇ ಎಂದು ಕೇಳಿದಳು. ಹೌದೆಂದರೆ ಅವಳು ಏನಾದರೂ ಮಾಡುತ್ತಿದ್ದಳು, ಅವಳ ಮುಖದಲ್ಲೇ ಅದು ಕಾಣುತ್ತಿತ್ತು.

ಆ ಫೈಲಿನಲ್ಲಿ ಅಫಿಡವಿಟ್ಟಿನ ಪ್ರತಿ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇದ್ದರೆ? ಮತ್ತೆ ಮದ್ರಾಸಿನ ಕಿಟಕಿ, ಮತ್ತೆ ಆ ಪೆನ್ನು. ನನಗೆ ಭಯವಾಯಿತು. ದುಃಖಕ್ಕಿಂತ ಮೊದಲು ಭಯವಾಯಿತು, ಇದನ್ನು ಮುಚ್ಚಿಡುವುದಿಲ್ಲ. ತುಳುವಿನಲ್ಲಿ ತಾಯಿಯ ಅಣ್ಣನಿಗೆ ತಮ್ಮಲೆ ಎನ್ನುತ್ತೇವೆ, ಆ ಪದವನ್ನು ಇನ್ನೊಬ್ಬರಿಗೆ ಬಳಸುವುದಿಲ್ಲ. ನಾನು ಇಂಗ್ಲಿಷಿನಲ್ಲಿ, ಇಲ್ಲ, ಬರೀ ಅಂಕಲ್, ಎಂದೆ.

ಅಣ್ಣನಿಗೆ ಫೋನ್ ಮಾಡಿದಾಗ ಅವನು ಆಗಲೇ ಊರಿಗೆ ಹೊರಡುವ ತಯಾರಿಯಲ್ಲಿದ್ದ. ಕಾರ್ಖಾನೆಯಲ್ಲಿ ಏನು ಹೇಳಿದೆ ಎಂದು ಕೇಳಿದೆ. "ತಂದೆ ತೀರಿಕೊಂಡರೆಂದು ಹೇಳಿದೆ, ಮತ್ತೆಂತ ಹೇಳುವುದು," ಎಂದ. ಅವನು ಕಾಪು ಮುಟ್ಟಿ ಸೋದರಳಿಯನಾಗಿ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ದಿನ ಮಾಡಬೇಕಾದದ್ದೆಲ್ಲ ಮಾಡಿದ. ಆ ದಿನ ನಾನು ಮಾರ್ಕೆಟಿಂಗ್ ಪರೀಕ್ಷೆ ಬರೆದೆ. ಒಳ್ಳೆಯ ಅಂಕವೇ ಬಂತು.

ಪದವಿ ಹಿಡಿದುಕೊಂಡು ಊರಿಗೆ ಬಂದಾಗ ಮಳೆಗಾಲ ಮುಗಿದಿತ್ತು. ಅಪ್ಪ ಆಗಲೂ ಶನಿವಾರವೇ ಬರುತ್ತಿದ್ದರು. ಮಾವನ ಕುರ್ಚಿಯಲ್ಲಿ ಮಾತ್ರ ಕೂರುತ್ತಿರಲಿಲ್ಲ. ಮಾವನ ಕೊನೆಯ ದಿನಗಳ ಬಗ್ಗೆ ಅಮ್ಮ ತಾನಾಗಿ ಏನೂ ಹೇಳಲಿಲ್ಲ. ನಾನು ಬಿಡದೆ ಕೇಳಿದ ಮೇಲೆ, ಮೀನು ಕೊಯ್ಯುತ್ತಾ, ತಲೆ ಎತ್ತದೆ ಹೇಳಿದಳು. ಮಣಿಪಾಲದ ಆಸ್ಪತ್ರೆಗೆ ಸೇರಿಸುವಾಗ ಕಾಗದ ತುಂಬಿಸುವವನು ಒಂದೊಂದೇ ಕೇಳುತ್ತಿದ್ದನಂತೆ. ಹೆಂಡತಿ ಇಲ್ಲ ಎಂದರಂತೆ ಮಾವ. ಮಕ್ಕಳು ಎಂದಾಗ ಅಮ್ಮ ಇಲ್ಲವೆನ್ನಲು ಬಾಯಿ ತೆರೆದಿದ್ದಳಂತೆ, ಮಾವ ಕೈ ಅಡ್ಡ ಮಾಡಿದರಂತೆ.

"ಒಬ್ಬಳು ಇದ್ದಳು," ಎಂದರಂತೆ, "ಬರೆದುಕೊಟ್ಟೆ."