ಮೇಜಿನಡಿಯ ಆರು ಬಾಟ್ಲಿ

ಸುಂಟಿಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಮೂರು ಅಂಗಡಿ ದಾಟಿದರೆ ಚೆನ್ನಯ್ಯನವರ ಸಂಬಾರ ಮಳಿಗೆ. ಹನ್ನೊಂದು ವರ್ಷದಿಂದ ಅಲ್ಲಿ ದಾಸ್ತಾನು ನೋಡಿಕೊಳ್ಳುವವಳು ಭವ್ಯಶ್ರೀ. ಶನಿವಾರಸಂತೆ ಕಡೆಯ ಶುಂಠಿ ಬೆಳೆಗಾರ ಶಾಂತಪ್ಪನ ಮಗಳು. ಪಿಯುಸಿ ಮುಗಿಸಿ, ಲೈನ್‌ಮನ್ ಒಬ್ಬನ ಕೈಹಿಡಿದು ಕಂಬಿಬಾಣೆಗೆ ಬಂದವಳು. ಮೆಣಸಿನ ಮೂಟೆಯನ್ನು ಮಂಡಿಯಿಂದ ಒಮ್ಮೆ ನೂಕಿ ನೋಡಿ ಅವಳು ತೂಕ ಹೇಳಿದರೆ ತಕ್ಕಡಿಗೆ ಬೇರೆ ಹೇಳುವುದೇನೂ ಉಳಿಯುತ್ತಿರಲಿಲ್ಲ.

ಮಳಿಗೆಗೆ ಒಂದು ಆನ್‌ಲೈನ್ ಮಾರಾಟತಾಣದಲ್ಲೂ ಪುಟವಿತ್ತು. ದಿನವೂ ಸಂಜೆ ಐದಕ್ಕೆ ಭವ್ಯಶ್ರೀ ಕಂಪ್ಯೂಟರಿನ ಮುಂದೆ ಕೂತು, ಜೇನು ಎಷ್ಟು ಉಳಿಯಿತು, ಏಲಕ್ಕಿ ಎಷ್ಟು ಎಂದು ಒಂದೊಂದಾಗಿ ಆ ಪುಟಕ್ಕೆ ತುಂಬುತ್ತಿದ್ದಳು. ಮುಗಿಯುವಾಗ ಐದೂವರೆಯ ಬಸ್ಸು ಹೋಗಿ ಯಾವ ಕಾಲವೋ. ಏಳೂಕಾಲಿನದಕ್ಕೆ ಜೋತುಬಿದ್ದು ಮನೆ ಸೇರುವ ಹೊತ್ತಿಗೆ ಮಗಳು ಹೋಮ್‌ವರ್ಕಿನ ಮೇಲೆಯೇ ತಲೆಯಿಟ್ಟು ಮಲಗಿರುತ್ತಿದ್ದಳು.

ಮಾರ್ಚ್ ಕೊನೆಯಲ್ಲಿ ಮಗಳಿಗೆ ಜ್ವರ ಬಂದು ಅವಳು ಎರಡು ದಿನ ರಜೆ ಹಾಕಿದಳು. ಅಷ್ಟರಲ್ಲಿ, ಕೌಂಟರಿನಲ್ಲಿ ಖಾಲಿಯಾಗಿದ್ದ ಜೇನಿಗೆ ಆನ್‌ಲೈನಿನಲ್ಲಿ ಎರಡು ಆರ್ಡರು ಬಂದವು. ಎರಡನ್ನೂ ರದ್ದು ಮಾಡಬೇಕಾಯಿತು. ಮೂವತ್ತು ದಿನದೊಳಗೆ ಮೂರು ರದ್ದಾದರೆ ಪುಟವನ್ನು ಹದಿನೈದು ದಿನ ಮುಚ್ಚುವುದು ಆ ತಾಣದ ನಿಯಮ.

ಆಗ ಭವ್ಯಶ್ರೀಯೇ ಮುಂದೆ ಬಿದ್ದಳು. ಅಂಗಡಿಯ ಸಾಫ್ಟ್‌ವೇರಿನಲ್ಲಿ ಸಿಂಕ್ ಎಂಬುದೊಂದಿದೆ, ವೇಳೆ ಕೊಟ್ಟರೆ ದಾಸ್ತಾನಿನ ಅಂಕಿಗಳು ತಾವಾಗಿಯೇ ಆನ್‌ಲೈನ್ ಪುಟಕ್ಕೆ ಹೋಗುತ್ತವೆ ಎಂದಳು. ಕಂಪನಿಯವರು ಫೋನಿನಲ್ಲಿ ಹೇಳಿಕೊಟ್ಟದ್ದನ್ನು ಬರೆದುಕೊಂಡು, ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಹದಿನೈದು ನಿಮಿಷಕ್ಕೊಮ್ಮೆ ಎಂದು ನಿಗದಿ ಮಾಡಿದಳು.

"ಈ ಮಿಷನ್ನು ಚಾ ಕೇಳಲ್ಲ, ರಜಾ ಕೇಳಲ್ಲ. ಇದನ್ನೇ ಇಟ್ಕಂಡು ನಿನ್ನ ಮನೆಗೆ ಕಳಿಸ್ಲಾ?" ಎಂದರು ಚೆನ್ನಯ್ಯನವರು.

"ಕಳಿಸಿ ಸಾರ್. ಮೆಣಸಿನ ಮೂಟೆನೂ ಅದೇ ಇಳಿಸ್ಲಿ."

ಎರಡು ವಾರ ಅವಳು ಐದೂವರೆಯ ಬಸ್ಸಿಗೇ ಹೋದಳು. ಮಗಳ ಜೊತೆ ಕೂತು ಮಗ್ಗಿ ಹೇಳಿಸಿದಳು.

ಮೂರನೆಯ ವಾರದ ಶುಕ್ರವಾರ ಹನ್ನೆರಡರ ಹೊತ್ತಿಗೆ ಪರದೆಯ ಮೇಲೆ ಒಂದು ಆರ್ಡರು ಮೂಡಿತು: ಕಾಚಂಪುಳಿ, ಏಳು ಬಾಟ್ಲಿ, ಮೈಸೂರಿಗೆ.

ಭವ್ಯಶ್ರೀ ಬಗ್ಗಿ ಮೇಜಿನಡಿ ನೋಡಿದಳು. ಮಳಿಗೆಯಲ್ಲಿದ್ದದ್ದೇ ಏಳು. ಪಣಂಪುಳಿ ಹಣ್ಣಿನ ರಸವನ್ನು ಕಪ್ಪಾಗುವ ತನಕ ಕುದಿಸಿ ಮಾಡುವ ಈ ಹುಳಿಯನ್ನು ತಂದುಕೊಡುವವಳು ಹರದೂರಿನ ಮುತ್ತಿ. ಹಣ್ಣು ಬರುವುದು ಮಳೆಗಾಲದಲ್ಲಿ, ಆಗಿನ್ನೂ ಏಪ್ರಿಲ್. ಆ ಏಳರಲ್ಲಿ ಆರು ಬಾಟ್ಲಿ ಶೆಲ್ಫಿನಲ್ಲೂ ಇರಲಿಲ್ಲ. ಕುತ್ತಿಗೆಗೆ ದಾರ ಕಟ್ಟಿಸಿಕೊಂಡು, 'ಗಂಗೆ, ಮದುವೆಗೆ' ಎಂಬ ಚೀಟಿ ಹೊತ್ತು ಮೇಜಿನಡಿ ನಿಂತಿದ್ದವು.

ಮೇಜಿನಡಿ ಎತ್ತಿಡುವುದು ಆ ಮಳಿಗೆಯ ಹಳೆಯ ಪದ್ಧತಿ. ಗುರುತಿನವರು ಫೋನಿನಲ್ಲಿ "ನನಗೆ ಎರಡು ಎತ್ತಿಡಿ" ಅಂದರೆ ಸಾಕು. ಬಿಲ್ಲು ಆಗುವುದು ಒಯ್ಯುವ ದಿನ. ಕೈಯಿಂದ ಅಂಕಿ ತುಂಬುತ್ತಿದ್ದಾಗ ಭವ್ಯಶ್ರೀ ಎತ್ತಿಟ್ಟದ್ದನ್ನು ಕಳೆದೇ ತುಂಬುತ್ತಿದ್ದಳು, ಹದಿಮೂರಿದ್ದರೆ ಏಳು ಎಂದು. ಹಾಗೆ ಕಳೆಯುತ್ತಿದ್ದೇನೆ ಎಂಬುದು ಅವಳಿಗೇ ನೆನಪಿರಲಿಲ್ಲ. ಯಂತ್ರಕ್ಕೆ ಕೆಲಸ ವಹಿಸುವಾಗ ಎಲ್ಲವನ್ನೂ ಹೇಳಿದ್ದಳು, ಇದೊಂದನ್ನು ಬಿಟ್ಟು.

ಚೆನ್ನಯ್ಯನವರು ಕನ್ನಡಕ ಮೇಲೇರಿಸಿ ಪರದೆ ನೋಡಿದರು. "ಮೂರನೇದೂ ರದ್ದಾದ್ರೆ ಪುಟ ಮುಚ್ತಾರೆ ಕಣಮ್ಮ. ಇದು ಸೀಸನ್ನು. ಮೈಸೂರಿಗೆ ಕಳಿಸಿಬಿಡು. ಗಂಗೆಗೆ ಬೇರೆಯವ್ರ ಹುಳಿ ತರಿಸ್ಕೊಡನ."

"ಬೇರೆಯವ್ರದ್ದು ಆಗಲ್ಲ ಸಾರ್. ಮುತ್ತಿ ಹುಳಿ ಹಾಕೇ ಅವ್ಳು ಮದುವೆಮನೆಯವ್ರಿಗೆ ರುಚಿ ತೋರಿಸಿರೋದು."

ಗಂಗೆ ಹದಿನಾಲ್ಕು ವರ್ಷ ಇನ್ನೊಬ್ಬರ ಅಡುಗೆ ತಂಡದಲ್ಲಿ ಈರುಳ್ಳಿ ಹೆಚ್ಚಿದವಳು. ಭಾನುವಾರ ಮೂರ್ನಾಡಿನಲ್ಲಿ ಅವಳದೇ ಹೆಸರಿನಲ್ಲಿ ಒಪ್ಪಿಕೊಂಡ ಮೊದಲ ಮದುವೆ. ಹಂದಿಕರಿಯ ಹುಳಿ ಆ ದಿನ ಹೆಚ್ಚುಕಡಿಮೆಯಾದರೆ ಎರಡನೆಯ ಮದುವೆಗೆ ಯಾರೂ ಕರೆಯಲಾರರು. ಇದೆಲ್ಲ ಚೆನ್ನಯ್ಯನವರಿಗೂ ಗೊತ್ತಿತ್ತು. ಅದಕ್ಕೇ ಅವರು ಬೈಯಲಿಲ್ಲ, ಸುಮ್ಮನೆ ಕನ್ನಡಕ ಒರೆಸಿದರು.

"ತಪ್ಪು ನಂದು ಸಾರ್. ಅದನ್ನ ಗಂಗೆ ತಲೆಗೆ ಕಟ್ಟೋದು ಬೇಡ."

"ಹಂಗಾದ್ರೆ ಮೈಸೂರಿನವ್ರ ಬೈಗಳಾನೂ ನೀನೇ ತಿನ್ನು," ಎಂದು ಫೋನನ್ನು ಅವಳ ಕಡೆ ಸರಿಸಿದರು.

ಆರ್ಡರು ಕೊಟ್ಟವರ ಹೆಸರು ತನ್ಮಯೀ. ವಿಷಯ ಕೇಳುತ್ತಲೇ ಸಿಡಿದರು. "ಇಲ್ಲದ್ದನ್ನ ಇದೆ ಅಂತ ಯಾಕ್ರೀ ತೋರಿಸ್ತೀರಿ?"

"ಇದೆ ಮೇಡಂ. ಆದ್ರೆ ಅದ್ರಲ್ಲಿ ಆರು ಬಾಟ್ಲಿ ಮೊದ್ಲೇ ಒಬ್ರಿಗೆ ಮಾತು ಕೊಟ್ಟಾಗಿತ್ತು. ಕಂಪ್ಯೂಟರಿಗೆ ಅದು ಗೊತ್ತಿಲ್ಲ. ನಾನೇ ಹೇಳಿರ್ಲಿಲ್ಲ."

"ಒಂದಾದ್ರೂ ಇದೆಯಾ?"

"ಒಂದು ಶೆಲ್ಫಲ್ಲಿದೆ."

"ಅದನ್ನ ಕಳಿಸಿ. ಮಿಕ್ಕಿದ್ದು ಬಿಡಿ," ಎಂದು ಫೋನ್ ಇಟ್ಟರು.

ಏಳು ಕೇಳಿದಲ್ಲಿ ಒಂದು ಕಳಿಸಿದರೂ ತಾಣದ ನಿಯಮಕ್ಕೆ ಅದು ರದ್ದೇ. ನಾಲ್ಕು ಗಂಟೆಗೆ ಪುಟ ಮುಚ್ಚಿತು. ಚೆನ್ನಯ್ಯನವರು ಆ ಸಂಜೆ ಅವಳೊಡನೆ ಮಾತಾಡಲಿಲ್ಲ. ಆದರೆ ತಮಗೆ ತರಿಸಿದ ಚಾದಲ್ಲಿ ಅರ್ಧ ಅವಳ ಲೋಟಕ್ಕೆ ಬಗ್ಗಿಸಿದರು.

ಐದೂವರೆಯ ಬಸ್ಸು ಹಾರ್ನ್ ಹೊಡೆದು ಹೋಯಿತು. ಭವ್ಯಶ್ರೀ ಏಳಲಿಲ್ಲ. ಸಾಫ್ಟ್‌ವೇರಿನಲ್ಲಿ 'ಮೇಜಿನಡಿ' ಎಂಬ ಹೆಸರಿನ ಇನ್ನೊಂದು ಗೋಡೌನು ಸೃಷ್ಟಿಸಿದಳು. ಬಗ್ಗಿ ಒಂದೊಂದೇ ಚೀಟಿ ಓದಿ, ಎತ್ತಿಟ್ಟ ಸಾಮಾನೆಲ್ಲವನ್ನೂ ಅದಕ್ಕೆ ದಾಟಿಸಿದಳು. ಸಿಂಕ್ ಇನ್ನು ಮುಂದೆ ಶೆಲ್ಫನ್ನು ಮಾತ್ರ ಓದಲಿ ಎಂದು ನಿಗದಿಯನ್ನು ತಿದ್ದಿದಳು. ಫೋನಿನ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿದಳು: 'ಎತ್ತಿಡಲು ಹೇಳಿದರೆ ಫೋನ್ ಇಡುವ ಮೊದಲೇ ದಾಟಿಸಬೇಕು.' ಆಮೇಲೆ ಏಳೂಕಾಲಿನ ಬಸ್ಸಿಗೆ ಓಡಿದಳು.

ಶನಿವಾರ ಬೆಳಗ್ಗೆ ಗಂಗೆ ಬಂದವಳು ಒಳಗೆ ಕಾಲಿಡುವ ಮೊದಲೇ ಕೇಳಿದಳು: "ಎಂಥ ಭವ್ಯಕ್ಕ, ನನ್ನ ಪುಳಿ ಉಟ್ಟಲ್ಲ?"

"ಉಂಟು ಮಾರಾಯ್ತಿ. ಎಲ್ಲಿಗೆ ಹೋಗುತ್ತೆ?" ಎಂದು ಭವ್ಯಶ್ರೀ ಆರನ್ನೂ ಎತ್ತಿ ಮೇಜಿನ ಮೇಲಿಟ್ಟಳು. ಚೆನ್ನಯ್ಯನವರು ಕೆಮ್ಮಿದರು.

ಮಂಗಳವಾರ ಗಂಗೆ ಮತ್ತೆ ಬಂದಳು. ಕೈಚೀಲದಲ್ಲಿ ತೊಳೆದ ಆರು ಖಾಲಿ ಬಾಟ್ಲಿ, ಮುತ್ತಿಗೆ ವಾಪಸು ಕೊಡಲು. ಮದುವೆಮನೆಯ ಹಿರಿಯರೊಬ್ಬರು ಅಡುಗೆಯ ಚಪ್ಪರಕ್ಕೇ ಬಂದು ಇನ್ನೆರಡು ತುಂಡು ಕೇಳಿ ಬಡಿಸಿಕೊಂಡರಂತೆ. "ಮೇ ತಿಂಗಳಲ್ಲಿ ಇನ್ನೊಂದು ಮದುವೆ ಒಪ್ಪಿಯಾತ್! ಈ ಮಳೆಗಾಲದ್ದು ಹತ್ತು ಬಾಟ್ಲಿ ಈಗಲೇ ಎತ್ತಿಡಿ ಅಕ್ಕ."

"ಮೇಗೆ ಎಲ್ಲಿಂದ ತರ್ಲಿ? ಮರದಲ್ಲಿ ಇನ್ನೂ ಹಣ್ಣೇ ಇಲ್ಲ."

"ಮೇಗೆ ಮುತ್ತಿಯಮ್ಮ ಮನೆ ಅಡುಗೆಗೆ ಇಟ್ಟದ್ದ ಕೇಳಿಯೇನೆ. ನಾ ಹೇಳ್ದು ಮುಂದಿನ ವರ್ಷಕ್ಕೆ."

ಹಣ್ಣಾಗದ ಹುಳಿಯನ್ನು ದಾಟಿಸಲು ಸಾಫ್ಟ್‌ವೇರಿನಲ್ಲಿ ಜಾಗವಿರಲಿಲ್ಲ. ಭವ್ಯಶ್ರೀ ಒಂದು ಚೀಟಿ ಹರಿದು 'ಗಂಗೆ, ಹತ್ತು' ಎಂದು ಬರೆದು, ಖಾಲಿ ಬಾಟ್ಲಿಯೊಂದರ ಕುತ್ತಿಗೆಗೆ ಕಟ್ಟಿ ಮೇಜಿನಡಿ ಇಟ್ಟಳು. ಗಡಿಯಾರ ನೋಡಿದಳು. ಐದು ಇಪ್ಪತ್ತು. ಕೈಚೀಲ ಹೆಗಲಿಗೇರಿಸಿದಳು.

"ಹೋಗು, ಬಸ್ಸು ಬಂತು," ಎಂದರು ಚೆನ್ನಯ್ಯನವರು.