ದೃಷ್ಟಿಗೆ ಕಟ್ಟಿದ ಮೂವರು ಹುಡುಗರು

ಊರ್ಡಿಗೆರೆ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ನರಸಿಂಹಯ್ಯನವರ ಪಂಚೆಯ ಮೇಲಿನ ಕಲೆಯನ್ನು ಹೆಂಡತಿ ಮಹಾಲಕ್ಷ್ಮಮ್ಮ ಸೋಪು ಹಚ್ಚಿ ತೆಗೆಯುತ್ತಿದ್ದರು. ಕೈಯಲ್ಲಿದ್ದ ಕಲೆಗೆ ಮಾತ್ರ ಅವರ ಬಳಿ ಮದ್ದಿರಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಂದ ಹೂಜಿ, ಬಾಳೆಹಣ್ಣು ಬರೆಸಿದರೂ, ಟ್ರೈನಿಂಗಿನ ಕಾಲದಲ್ಲಿ ಲೈಬ್ರರಿಯಲ್ಲಿ ಕಂಡ ಒಂದು ಜರ್ಮನ್ ಚಿತ್ರಗಳ ಪುಸ್ತಕ ಮೇಷ್ಟ್ರ ತಲೆಯಿಂದ ಇಳಿದಿರಲಿಲ್ಲ. ಅದರಲ್ಲಿ ಹರೆಯದವರು ನೀರಿನ ದಡದಲ್ಲಿ ಕೆಲಸವಿಲ್ಲದೆ ಬಿದ್ದುಕೊಂಡಿದ್ದರು. ಮೈ ಹಸಿರು, ನೀರು ಕೆಂಪು, ಕಣ್ಣೆಂದರೆ ಎರಡು ಕರಿಗೀಟು. ಆದರೂ ನೋಡಿದವರ ಮೈಗೆ ಬಿಸಿಲು ತಾಗುತ್ತಿತ್ತು.

೧೯೭೯ರ ಬೇಸಿಗೆ ರಜೆಯಲ್ಲಿ ಮೇಷ್ಟ್ರು ತಮ್ಮ ದಡವನ್ನೇ ಬರೆದರು. ಕುಣಿಗಲ್ ದೊಡ್ಡಕೆರೆಯ ಏರಿ, ಈಜಿ ಬಂದು ಒಣಗಲು ಮಲಗಿದ ಮೂವರು ಹುಡುಗರು: ಆಗಿನ ತಾವು, ಈಗ ತೀರಿಕೊಂಡಿರುವ ಗೆಳೆಯ ಸಿದ್ದಯ್ಯ, ಮುಂದೆ ಭಾವನಾದ ವೆಂಕಟರಂಗಯ್ಯ. ಈ ಭಾವ ಈಗ ಕಂಟ್ರಾಕ್ಟರು, ಕೂತು ಕಾಫಿ ಕುಡಿದದ್ದನ್ನು ಕಂಡವರಿಲ್ಲ. ಬಟವಾಡಿಯಲ್ಲಿ ಅವನು ಕಟ್ಟಿಸುತ್ತಿದ್ದ ಮನೆಯ ಹಾಲಿನಲ್ಲಿ ಚಿತ್ರ ತೂಗಬೇಕು, ಅದರಲ್ಲಿ ಅವನು ತನ್ನನ್ನು ಕಾಣಬೇಕು. ಮೇಷ್ಟ್ರಿಗೆ ಇಷ್ಟೇ ಆಸೆ. ಭಾವ ಇಲ್ಲದ ಹೊತ್ತು ಹೋಗಿ ಮೇಸ್ತ್ರಿಯ ಕೈಗೆ ಕೊಟ್ಟು ಬಂದರು.

ವಾರ ಬಿಟ್ಟು ಹೋದರೆ ಚಿತ್ರ ಗೋಡೆ ಕಟ್ಟಲು ನಿಲ್ಲಿಸಿದ್ದ ಸಾರುವೆ ಮರಕ್ಕೆ ಕಟ್ಟಿಸಿಕೊಂಡು ಹೈವೇ ಕಡೆ ಮುಖ ಮಾಡಿತ್ತು. ಒಂದು ಪಕ್ಕ ಬೂದುಗುಂಬಳ, ಇನ್ನೊಂದು ಪಕ್ಕ ಹಳೇ ಚಪ್ಪಲಿ.

“ಒಳ್ಳೆ ಕೆಲ್ಸ ಮಾಡ್ದೆ ಕಣೋ,” ಎಂದ ವೆಂಕಟರಂಗಯ್ಯ. “ಅಂಗಡೀಲಿ ಸಿಗೋ ರಾಕ್ಷಸ್ನ ಮುಖ ಎಲ್ರ ಮನೇಗೂ ಕಟ್ಟವ್ರೆ. ಇದನ್ನ ನೋಡಿದ್ರೆ ಬಸ್ಸಲ್ಲಿ ಹೋಗೋರೇ ಮುಖ ತಿರುಗಿಸ್ಕೊತಾರೆ. ಅದ್ರಲ್ಲೂ ಆ ಹಸಿರು ಮುಖದೋನು! ಯಾವನ್ ದೃಷ್ಟೀನೂ ತಾಗಾಕಿಲ್ಲ ಬುಡು.”

“ಹೆದ್ರಿಸೋಕೆ ಬರ್ದಿದ್ದಲ್ಲ ಭಾವ.”

“ಸುಮ್ಕಿರ್ಲಾ, ನಿನ್ ಬೆಲೆ ನಿಂಗೇ ಗೊತ್ತಿಲ್ಲ.”

ಹಸಿರು ಮುಖದವನು ನೀನೇ ಎನ್ನಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ. ಬಾಯಲ್ಲಿ ಹೇಳಿ ತೋರಿಸಬೇಕಾದರೆ ಅದು ಚಿತ್ರವಲ್ಲ ಎಂದು ಹುಡುಗರಿಗೆ ಪಾಠ ಮಾಡಿದವರೇ ಅವರು.

ದೃಷ್ಟಿಗೆ ಕಟ್ಟಿದ್ದನ್ನು ಗೃಹಪ್ರವೇಶದ ಹಿಂದಿನ ದಿನ ಇಳಿಸಿ, ಮೂರು ದಾರಿ ಕೂಡುವಲ್ಲಿ ಸುಡುವುದು ಆ ಮನೆತನದ ಪದ್ಧತಿ. ಸಂಜೆ ಚಿತ್ರ ಇಳಿಯಿತು, ಸೀಮೆಎಣ್ಣೆ ಬಂತು. ವೆಂಕಟರಂಗಯ್ಯ ಮುಂದೆ, ಮೇಷ್ಟ್ರು ಹಿಂದೆ ನಡೆದರು. ಅಷ್ಟರಲ್ಲಿ ಕುಣಿಗಲ್ಲಿಂದ ಬಸ್ಸಿಳಿದು ಬರುತ್ತಿದ್ದ ವೆಂಕಟರಂಗಯ್ಯನ ತಾಯಿ ದೊಡ್ಡಗಂಗಮ್ಮ ಅಲ್ಲೇ ನಿಂತಳು.

“ರಂಗನ್ನ ಯಾಕ್ಲಾ ಬೀದೀಗ್ ತಂದಿದ್ದೀರಾ?”

“ಯಾವ ರಂಗ, ಅವ್ವಾ?”

“ನೀನೇ ಕಣೋ. ಕಾಲ್ಮೇಲೆ ಕಾಲ್ ಹಾಕ್ಕಂಡು ಹೆಬ್ಬೆಟ್ಟು ಆಡಿಸ್ತಾ ಬಿದ್ದಿದ್ದೀಯಲ್ಲ. ಏರಿ ಮ್ಯಾಲಿಂದ ಈ ಕಾಲನ್ನ ಎಬ್ಬಿಸೋದ್ರಲ್ಲೇ ನನ್ ಗಂಟ್ಲು ಹೋಗಿದ್ದು.”

“ಮುಖ ಹಸ್ರಗೈತಲ್ಲವ್ವಾ?”

“ಪಾಚಿನೀರಲ್ ಬಿದ್ದೆದ್ದೋನ ಮುಖ ಇನ್ ಹೆಂಗಿರ್ತದೆ?”

ಬದುಕಿರುವವನನ್ನು ಸುಡುವಂತಿಲ್ಲ, ದೃಷ್ಟಿಗೆ ಕಟ್ಟಿದ್ದನ್ನು ಒಳಗೆ ತರುವಂತಿಲ್ಲ. ದೊಡ್ಡಗಂಗಮ್ಮನ ತೀರ್ಪಿನಂತೆ ಚಿತ್ರ ಹಿತ್ತಿಲ ಗೋಡೆಗೆ, ಬಟ್ಟೆ ಒಗೆಯುವ ಕಲ್ಲಿನ ಮೇಲಕ್ಕೆ ಹೋಯಿತು. ಹಾಲಿಗಿಂತ ಅಲ್ಲಿ ಬೆಳಕು ಚೆನ್ನಾಗಿದೆ ಎಂಬುದನ್ನು ಮೇಷ್ಟ್ರು ಗಮನಿಸಿದರು.

ಮಾರನೆಯ ದಿನ ಊಟ ಮುಗಿಸಿ ಕೈ ತೊಳೆಯಲು ಹಿತ್ತಿಲಿಗೆ ಬಂದ ವೆಂಕಟರಂಗಯ್ಯ ನಲ್ಲಿ ತಿರುಗಿಸಿ ಚಿತ್ರ ನೋಡುತ್ತ ನಿಂತ.

“ಆಗ ಹೊಟ್ಟೆ ಇರ್ಲಿಲ್ಲ, ಅಲ್ವೇನ್ಲಾ?” ಎಂದು ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಮೇಷ್ಟ್ರನ್ನು ಕೇಳಿದ.

“ಇರ್ಲಿಲ್ಲ.”

“ಆ ಕೆಂಪಗಿರೋನು ಸಿದ್ದನಾ?”

“ಹೂಂ.”

ಒಳಗಿಂದ ಯಾರೋ ಕೂಗಿದರು, ಇಂಜಿನಿಯರು ಹೊರಟಿದ್ದಾರಂತೆ. “ಬರ್ತೀನಿ ಅನ್ನು,” ಎಂದು ವೆಂಕಟರಂಗಯ್ಯ ರೇಷ್ಮೆಪಂಚೆ ಮೇಲೆತ್ತಿ ಒದ್ದೆ ಕಲ್ಲಿನ ಮೇಲೆ ಕೂತ.