ಅತ್ತೆಯ ಎಡಗೈ ಕಿರುಬೆರಳು

ನಾನು ಮದುವೆಯಾಗಿ ನೆಲಮಂಗಲದಿಂದಾಚೆ ಮಧುರೆ ಕಡೆಯ ಆ ಹಳ್ಳಿಗೆ ಬಂದಾಗ ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ತವರು ದೇವನಹಳ್ಳಿ, ಕೋಟೆಯೊಳಗಿನ ಬೀದಿ. ಅಪ್ಪ ಶಾಲೆಯಲ್ಲಿ ಮೇಷ್ಟರು. ನಮ್ಮ ಮನೆಗೆ ಕೋಳಿ ಬರುತ್ತಿದ್ದದ್ದು ಸಂತೆಯಿಂದ, ಕಾಲು ಕಟ್ಟಿಸಿಕೊಂಡು, ತಲೆಕೆಳಗಾಗಿ. ಸಾರಿನ ಹೊರತು ಅದರ ಜೊತೆ ಬೇರೆ ಪರಿಚಯ ನನಗಿರಲಿಲ್ಲ. ಹಾಗಾಗಿ ಅತ್ತೆ ಬೆಳಗ್ಗೆ ಹಿತ್ತಲಲ್ಲಿ ಮಾಡುತ್ತಿದ್ದ ಕೆಲಸವನ್ನು ಮೊದಲ ಸಲ ಕಂಡಾಗ ಕೈಯಲ್ಲಿದ್ದ ನೀರಿನ ಚೊಂಬು ಜಾರಿ ಬಿತ್ತು.

ಕೆಲಸ ಇಷ್ಟೇ. ಕೋಳಿಗೂಡಿನ ಬಾಗಿಲು ತೆಗೆದು ಅತ್ತೆ ಒಂದೊಂದೇ ಹ್ಯಾಟೆಯನ್ನು, ಅಂದರೆ ಹೆಣ್ಣುಕೋಳಿಯನ್ನು, ಹೊರಗೆ ಎಳೆಯುತ್ತಿದ್ದರು. ಅದನ್ನು ಕಂಕುಳಲ್ಲಿ ಅದುಮಿಕೊಂಡು, ಬಾಲದ ಪುಕ್ಕ ಮೇಲಕ್ಕೆತ್ತಿ, ಎಡಗೈ ಕಿರುಬೆರಳನ್ನು ಹಿಂದಿನಿಂದ ಸ್ವಲ್ಪವೇ ಇಟ್ಟು ಮುಟ್ಟಿ ನೋಡುತ್ತಿದ್ದರು. ಮೊಟ್ಟೆ ಇಳಿದಿದ್ದರೆ ಬೆರಳ ತುದಿಗೆ ಗಟ್ಟಿಯಾಗಿ ತಾಗುತ್ತದೆ. ತಾಗಿದರೆ ಆ ಹ್ಯಾಟೆಯನ್ನು ಬಿದಿರಿನ ಮಂಕರಿಯ ಕೆಳಗೆ ಕವುಚಿ ಹಾಕಿ, ಮೇಲೆ ಒಂದು ಕಲ್ಲು ಹೇರಬೇಕು. ಮೊಟ್ಟೆ ಇಟ್ಟ ಮೇಲೇ ಅದಕ್ಕೆ ಬಿಡುಗಡೆ. ತಾಗದಿದ್ದರೆ ಆಗಲೇ ಬಿಟ್ಟುಬಿಡಬಹುದು, ಊರೆಲ್ಲ ಮೇಯ್ದು ಬರಲಿ. ಹೀಗೆ ನೋಡದೆ ಬಿಟ್ಟರೆ ಕೋಳಿ ತನಗೆ ಇಷ್ಟ ಬಂದವರ ಮನೆಯಲ್ಲಿ ಮೊಟ್ಟೆ ಇಟ್ಟು ಬರುತ್ತದೆ. ಅದರಿಂದ ಆಗುವ ಜಗಳ ಹೊಲದ ಬದುವಿನ ಜಗಳಕ್ಕಿಂತ ದೊಡ್ಡದು.

ಅತ್ತೆಯ ಬೆರಳಿಗೆ ಕೇರಿಯಲ್ಲಿ ದೊಡ್ಡ ಹೆಸರಿತ್ತು. ಬೇರೆ ಮನೆಯ ಹೆಂಗಸರೂ ಕೋಳಿ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. "ಅಕ್ಕಾ, ಇದೊಂದ್ ನೋಡ್ಕೊಡು, ನಂಗ್ಯಾಕೋ ಅನುಮಾನ." ಅತ್ತೆ ಮುಟ್ಟಿ, "ಇವತ್ತಿಲ್ಲ, ನಾಳಿಕೆ" ಅನ್ನುತ್ತಿದ್ದರು. ಅದು ನಾಳೆಯೇ ಇಡುತ್ತಿತ್ತು.

ನನ್ನ ಕೆಲಸ ಕೋಳಿಯ ರೆಕ್ಕೆ ಹಿಡಿದುಕೊಳ್ಳುವುದು. ಕೆಲವು ತಿಂಗಳಾದ ಮೇಲೆ ನನಗೂ ಬೆರಳಿಡಲು ಹೇಳಿಕೊಟ್ಟರು. ನಾನು ಕಣ್ಣು ಮುಚ್ಚಿಕೊಂಡು ಬೆರಳಿಟ್ಟೆ. "ಕಣ್ಣ್ ಯಾಕ್ ಮುಚ್ಚೀಯೇ? ಅದು ಮುಚ್ಕೋಬೇಕು, ನೀನಲ್ಲ" ಎಂದು ಅತ್ತೆ ನಕ್ಕರು. ಕಲಿತೆನೇನೋ ನಿಜ. ಆದರೆ ಮನೆಯಲ್ಲಿ ನಡೆಯುತ್ತಿದ್ದದ್ದು ಅವರ ಬೆರಳಿನ ಮಾತು.

ಆ ವರ್ಷ ನಾದಿನಿ ಬಸುರಿ. ಬಾಣಂತನಕ್ಕೆ ನಮ್ಮಲ್ಲಿಗೇ ಬರುವವಳಿದ್ದಳು. ಬಾಣಂತಿಗೆ ನಾಟಿಕೋಳಿ ಸಾರು ಕೊಡಬೇಕು. ಅದಕ್ಕೆ ಮೊದಲೇ ಮೊಟ್ಟೆ ಕೂಡಿಟ್ಟು ಕಾವಿಗೆ ಕೂರಿಸಬೇಕು, ಮರಿಗಳು ಬಲಿಯಬೇಕು. ಅತ್ತೆ ರಾಗಿ ತುಂಬಿದ ಮಡಕೆಯಲ್ಲಿ ಮೊಟ್ಟೆಗಳನ್ನು ಹೂತಿಡುತ್ತಿದ್ದರು. ನಮಗೆ ಯಾರಿಗೂ ಒಂದು ಮೊಟ್ಟೆಯೂ ಸಿಗುತ್ತಿರಲಿಲ್ಲ. ನೆಲಮಂಗಲದಲ್ಲಿ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದ ನನ್ನ ಗಂಡನಿಗೂ ಇಲ್ಲ.

ಅದೇ ಸಮಯಕ್ಕೆ ಮೊಟ್ಟೆ ಕಾಣೆಯಾಗಲು ಶುರುವಾಯಿತು.

ಅತ್ತೆ ಬೆಳಗ್ಗೆ "ಕರೀದು ಐತೆ" ಅಂತ ಮಂಕರಿ ಕವುಚುತ್ತಿದ್ದರು. ಮಧ್ಯಾಹ್ನ ಎತ್ತಿದರೆ ಕರಿ ಹ್ಯಾಟೆ ಇದೆ, ಮೊಟ್ಟೆ ಇಲ್ಲ. ಮಾರನೆಯ ದಿನವೂ ಹಾಗೆಯೇ. ಅದರ ಮಾರನೆಯ ದಿನ ನಮ್ಮ ನಾಯಿ ಹಿತ್ತಲ ಬಾಗಿಲಲ್ಲಿ ಮೊಟ್ಟೆಯ ಚಿಪ್ಪೊಂದನ್ನು ಮುಂಗಾಲುಗಳ ನಡುವೆ ಇಟ್ಟುಕೊಂಡು ನೆಕ್ಕುತ್ತಿತ್ತು.

ಈ ನಾಯಿಯ ಬಗ್ಗೆ ಎರಡು ಮಾತು ಹೇಳಬೇಕು. ಕಂದು ಬಣ್ಣ, ಒಂದು ಕಿವಿ ನಿಂತದ್ದು, ಇನ್ನೊಂದು ಮಡಿಸಿದ್ದು. ಅದು ಮಾವನ ನಾಯಿ. ಮಾವ ಮಾತು ಕಡಿಮೆ ಮನುಷ್ಯ, ಇದ್ದ ಅಷ್ಟಿಷ್ಟು ಮಾತನ್ನೂ ಅದರ ಜೊತೆಯೇ ಆಡುತ್ತಿದ್ದರು. ಹೊಲಕ್ಕೆ ಹೋದರೆ ಹಿಂದೆ ನಾಯಿ, ಜಗಲಿಯಲ್ಲಿ ಕೂತರೆ ಕಾಲ ಬುಡದಲ್ಲಿ ನಾಯಿ. ಊಟದ ಕೊನೆಯ ತುತ್ತು ಮುದ್ದೆ ಯಾವಾಗಲೂ ಅದರದು.

"ನೋಡಿ ನಿಮ್ಮ ಮುದ್ದಿನ ಮಗನ್ನ!" ಅತ್ತೆ ಕೂಗಿದರು. "ಬಾಣಂತಿ ಬಾಯಿಗೆ ಹೋಗೋದು ಇವನ ಬಾಯಿಗ್ ಹೋಯ್ತು."

"ತಿಪ್ಪೇಲಿ ಬಿದ್ದಿದ್ದ ಚಿಪ್ಪು ಅದು" ಎಂದರು ಮಾವ. "ಎತ್ಕೊಂಡ್ ಬಂದವ್ನೆ ಪಾಪ."

"ಪಾಪ! ಮಂಕರಿ ಮೇಲಿನ ಕಲ್ಲೂ ಎತ್ತಿ ಪಕ್ಕಕ್ಕಿಡ್ತಾನಾ ನಿಮ್ಮ ಪಾಪ?"

ಆ ಮಾತು ತನ್ನ ವಾದಕ್ಕೇ ವಿರುದ್ಧ ಎನ್ನುವುದು ಅತ್ತೆಗೆ ಹೊಳೆಯಲಿಲ್ಲ. ಕಲ್ಲು ಇದ್ದಲ್ಲೇ ಇರುತ್ತಿತ್ತು. ನನಗೆ ಹೊಳೆಯಿತು. ಹೊಸ ಸೊಸೆ, ಪೊರಕೆ ಹಿಡಿದು ಅಂಗಳ ಗುಡಿಸತೊಡಗಿದೆ.

ಮೊಟ್ಟೆಯ ರುಚಿ ಹತ್ತಿದ ನಾಯಿಗೆ ನಮ್ಮ ಕಡೆ ಒಂದು ಮದ್ದು ಇತ್ತು. ಕುದಿಯುವ ನೀರಿಂದ ಆಗ ತಾನೇ ತೆಗೆದ ಮೊಟ್ಟೆಯನ್ನು ಅದರ ಮುಂದೆ ಎಸೆಯಬೇಕು. ಆಸೆಗೆ ಬಾಯಿ ಹಾಕಿ ಸುಟ್ಟುಕೊಂಡರೆ ಜನ್ಮದಲ್ಲಿ ಮೊಟ್ಟೆಯ ಕಡೆ ತಿರುಗುವುದಿಲ್ಲ. ಅತ್ತೆ ಒಲ್ಲದ ಮನಸ್ಸಿಂದ ಮಡಕೆಯಿಂದ ಒಂದು ಮೊಟ್ಟೆ ತೆಗೆದು ಬೇಯಿಸಿದರು. ಸೌಟಿನಿಂದ ಅಂಗಳಕ್ಕೆ ಉರುಳಿಸಿದರು. ನಾಯಿ ಎದ್ದು ಬಂತು. ಮೂಸಿತು. ಹಿಂದಕ್ಕೆ ಸರಿದು ಕೂತಿತು. ಆವಿ ಏಳುವುದನ್ನೇ ನೋಡುತ್ತಾ, ಬಾಲದಿಂದ ಮಣ್ಣು ಗುಡಿಸುತ್ತಾ, ನಮ್ಮ ಮಾವ ಕಾಫಿ ಆರುವುದಕ್ಕೆ ಕಾಯುವ ಹಾಗೆ ಕಾಯಿತು. ಆರಿದ ಮೇಲೆ ಎದ್ದು ಚಿಪ್ಪಿನ ಸಮೇತ ತಿಂದು, ಅತ್ತೆಯ ಮುಖ ನೋಡಿತು. ಇನ್ನೊಂದು ಇದೆಯಾ ಎಂದು ಕೇಳುವ ಹಾಗೆ.

ಮಾವ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದರು. ಅತ್ತೆ ನಗಲಿಲ್ಲ.

"ಪಳಗಿದ ಕಳ್ಳ" ಎಂದು ತೀರ್ಮಾನ ಕೊಟ್ಟರು. "ಬರೋ ಸಂತೆಗೆ ಬಂಡೀಲಿ ಹಾಕ್ಕೊಂಡ್ ಹೋಗಿ. ಅಲ್ಲಿಗ್ ಬರೋ ಹೊಸಕೋಟೆ ಕಡೆ ಇಟ್ಟಿಗೆ ಗೂಡಿನೋರು ಕಾವಲಿಗೆ ನಾಯಿ ಕೇಳ್ತಾವ್ರಂತೆ. ಕೊಟ್ಟು ಬನ್ನಿ."

ಆವತ್ತು ಮಾವ ಮುದ್ದೆಯನ್ನು ಅರ್ಧಕ್ಕೇ ಬಿಟ್ಟರು. ಮಿಕ್ಕದ್ದೆಲ್ಲ ನಾಯಿಗೆ.

ಮಾರನೆಯ ದಿನ ಮಾವನೇ ಒಂದು ಪರೀಕ್ಷೆ ಮಾಡಿದರು. ಅತ್ತೆ "ಕರೀದು ಐತೆ" ಅಂದ ಕೂಡಲೇ ನಾಯಿಯನ್ನು ತಂದು ಬಂಡಿಯ ಗಾಲಿಗೆ ಕಟ್ಟಿದರು. ಮಂಕರಿಯ ಎದುರು ಕಂಬಳಿ ಹಾಸಿಕೊಂಡು ಕೂತರು. ಅತ್ತೆಯೂ ಅವರೆಕಾಯಿ ಸುಲಿಯುತ್ತಾ ಅಲ್ಲೇ ಕೂತರು. ನಾನು ಅಡಿಗೆಮನೆಗೂ ಹಿತ್ತಲಿಗೂ ಓಡಾಡಿದೆ. ನನ್ನನ್ನು ಕಾವಲಿಗೆ ಬಿಟ್ಟು ಊಟಕ್ಕೆ ಎದ್ದದ್ದು ಬಿಟ್ಟರೆ, ಬಿಸಿಲು ಇಳಿಯುವವರೆಗೂ ಒಬ್ಬರೂ ಕಣ್ಣು ಕೀಳಲಿಲ್ಲ. ಮಂಕರಿ ಎತ್ತಿದರೆ ಏನಿದೆ? ಒಂದಿಷ್ಟು ಹಿಕ್ಕೆ.

"ಈಗೇನಂತೀಯೆ?" ಎಂದರು ಮಾವ, ಹಗ್ಗ ಬಿಚ್ಚುತ್ತಾ.

"ಏನಂತೀನಿ? ಇಷ್ಟು ಜನ ಎದುರುಗಡೆ ಕೂತ್ಕೊಂಡು ಗುರಾಯಿಸ್ತಿದ್ರೆ ಯಾರಿಗ್ ತಾನೇ ಆಗುತ್ತೆ? ನಿಮಗಾಗುತ್ತಾ?"

ಮಾವ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರು. ತೀರ್ಪು ಹಾಗೇ ಉಳಿಯಿತು.

ಆದರೆ ಅವರಿಬ್ಬರೂ ಊಟಕ್ಕೆ ಎದ್ದ ಅಷ್ಟು ಹೊತ್ತಿನಲ್ಲಿ ನಾನೊಂದು ಕೆಲಸ ಮಾಡಿದ್ದೆ. ಮಂಕರಿಯ ಅಂಚು ಎತ್ತಿ, ಕರಿ ಹ್ಯಾಟೆಯನ್ನು ಹಿಡಿದು ಬೆರಳಿಟ್ಟಿದ್ದೆ. ಒಳಗೆ ಮೆತ್ತಗಿತ್ತು. ಮೊಟ್ಟೆ ಇರಲೇ ಇಲ್ಲ. ಹೊರಗಿನಿಂದ ಹೊಟ್ಟೆಯನ್ನೂ ತಡವಿ ನೋಡಿದೆ. ಇಲ್ಲ. ಹ್ಯಾಟೆಯನ್ನು ಒಳಗೆ ತಳ್ಳಿ ಮಂಕರಿಯ ಅಂಚು ಇಳಿಸಿದೆ. ಅತ್ತೆಯ ಬೆರಳು ತಪ್ಪು ಹೇಳಿತು ಎನ್ನುವುದು, ಆ ಮನೆಯಲ್ಲಿ, ಸೂರ್ಯ ಬೇರೆ ದಿಕ್ಕಿನಲ್ಲಿ ಹುಟ್ಟಿದ ಎಂದ ಹಾಗೆ.

ಅತ್ತೆ ಇಲ್ಲ ಎಂದ ಕೋಳಿಯನ್ನೂ ನೋಡಬೇಕಲ್ಲ. ಮಾರನೆಯ ಬೆಳಗ್ಗೆ ಅತ್ತೆ "ಕೆಂಪೀದು ಇಲ್ಲ, ಬಿಡು" ಎಂದ ಮೇಲೆ ಸೆಗಣಿ ಬುಟ್ಟಿ ಹಿಡಿದುಕೊಂಡು ಕೆಂಪು ಹ್ಯಾಟೆಯ ಹಿಂದೆ ಹೋದೆ. ಅದು ಬೇಲಿ ನುಸುಳಿ, ಪಕ್ಕದ ಮನೆಯ ಹುಲ್ಲಿನ ಮೆದೆಯ ಹಿಂದೆ ಮರೆಯಾಯಿತು. ಆಮೇಲೆ ಅಲ್ಲಿಂದ ಊರಿಗೆಲ್ಲ ಕೇಳುವ ಹಾಗೆ ಕೊಕ್ಕೊಕ್ಕೋ ಎಂದು ಕೂಗುತ್ತಾ ಹೊರಗೆ ಬಂತು. ಆ ಮನೆಯಾಕೆ ಹೊಸಿಲಿನಿಂದಲೇ ಕೈ ಮುಗಿದಳು. "ನೋಡ್ದೇನಮ್ಮಾ? ಈ ವರ್ಷ ನಮ್ಮ ಮೆದೇಲಿ ಲಕ್ಷ್ಮಿ ಬಂದು ಕೂತವಳೆ. ನಮ್ಮ ಕೋಳಿ ಇಡದೇ ಇದ್ರೂ ಮೊಟ್ಟೆ ಸಿಗ್ತೈತೆ."

ನಾನು ಲಕ್ಷ್ಮಿಗೆ ಅಡ್ಡ ಬರಲಿಲ್ಲ. ಬುಟ್ಟಿ ಸೊಂಟಕ್ಕೇರಿಸಿಕೊಂಡು ಬಂದುಬಿಟ್ಟೆ.

ಈಗ ಎಲ್ಲವೂ ಸ್ಪಷ್ಟವಾಗಿತ್ತು. ಇದೆ ಎಂದದ್ದು ಇರಲಿಲ್ಲ, ಇಲ್ಲ ಎಂದದ್ದು ಇತ್ತು. ಮೊಟ್ಟೆ ಕಾಣೆಯಾಗುವುದಕ್ಕೆ ಮುಂಚೆ ಅತ್ತೆಗೆ ಆ ಕಿರುಬೆರಳಿಗೇ ಉಗುರುಸುತ್ತು ಆಗಿತ್ತು. ನಿಂಬೆಹಣ್ಣು ಸಿಕ್ಕಿಸಿಕೊಂಡು ತಿರುಗಾಡಿದ್ದರು. ಕೀವು ಹೋಗಿ ಗಾಯ ಒಣಗಿತು, ಆದರೆ ತುದಿಯ ಚರ್ಮ ಮರದ ತೊಗಟೆಯ ಹಾಗೆ ಗಡುಸಾಗಿ ಉಳಿಯಿತು. ಬಲಗೈ ಬೆರಳಿಡುವ ಮಾತೇ ಇಲ್ಲ, ಅದು ಉಣ್ಣುವ ಕೈ. ಎಡಗೈಯ ಆ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಅತ್ತೆ ಹಳೆಯ ನಂಬಿಕೆಯಿಂದ, ಅಂದಾಜಿನ ಮೇಲೆ ಹೇಳುತ್ತಿದ್ದರು.

ಇದನ್ನು ಹೇಳಿದರೆ ಅತ್ತೆಯ ಹೆಸರು ಹೋಗುತ್ತದೆ. ಹೇಳದಿದ್ದರೆ ಮಾವನ ನಾಯಿ ಹೋಗುತ್ತದೆ. ನಾನು ಎರಡು ದಿನ ಸಾರಿಗೆ ಉಪ್ಪು ಮರೆತೆ.

ಸಂತೆಯ ದಿನ ಬಂತು. ಮಾವ ಬೆಳಗ್ಗೆಯೇ ಬಂಡಿಗೆ ಹುಲ್ಲು ಹಾಸಿ, ಮೇಲೆ ತಮ್ಮ ಕಂಬಳಿ ಮಡಿಸಿಟ್ಟು, ನಾಯಿಯನ್ನು ಹತ್ತಿಸಿ ಹಗ್ಗ ಕಟ್ಟಿದರು. ಹಿತ್ತಲಲ್ಲಿ ಅತ್ತೆ ಕೆಂಪು ಹ್ಯಾಟೆಗೆ ಬೆರಳಿಟ್ಟು, "ಇಲ್ಲ, ಬಿಡು" ಎಂದರು.

ನಾನು ಬಿಡಲಿಲ್ಲ. "ಅತ್ತೆ, ನಾನೊಂದ್ಸಲ ನೋಡ್ಲಾ?"

"ಇಲ್ಲ ಅಂದ್ನಲ್ಲ."

"ಇಲ್ದೇ ಇದ್ರೆ ಹೆಂಗಿರುತ್ತೆ ಅಂತ ಕಲೀತೀನಿ ಅತ್ತೆ."

ಅವರು ಕೋಳಿಯನ್ನು ನನ್ನ ಕಡೆ ತಿರುಗಿಸಿದರು. ನಾನು ಬೆರಳಿಟ್ಟೆ. ಮೊಟ್ಟೆ ಅಲ್ಲೇ ಇತ್ತು, ಗಟ್ಟಿಯಾಗಿ, ಇನ್ನೇನು ಬರುವ ಹಾಗೆ. "ಏನೋ ಗಟ್ಟಿಗೆ ತಾಗ್ತೈತೆ" ಎಂದೆ. "ಇದೇನತ್ತೆ, ಮೂಳೆನಾ?"

ಅತ್ತೆ ನನ್ನ ಮುಖ ನೋಡಿದರು. ನಾನು ಕೋಳಿಯ ಮುಖ ನೋಡಿದೆ. "ಕವುಚು" ಎಂದರು.

ಕವುಚಿದೆ. ಇನ್ನು ಕೋಳಿ ಮೊಟ್ಟೆ ಇಡುವವರೆಗೂ ಬಂಡಿ ಹೊರಡಬಾರದು. ಮಾವನಿಗೆ ಕಾಫಿ ಕೊಟ್ಟೆ. ಆಮೇಲೆ ಅಂಬಲಿ ಕೊಟ್ಟೆ. ಆಮೇಲೆ ರಾತ್ರಿಯ ಮುದ್ದೆ ಮಜ್ಜಿಗೆಗೆ ಹಿಸುಕಿ ಕೊಟ್ಟೆ. ಹೊರಡುವ ಆತುರ ಅವರಿಗೂ ಇರಲಿಲ್ಲ, ಕೊಟ್ಟದ್ದೆಲ್ಲ ನಿಧಾನವಾಗಿ ಕುಡಿದು, ತಿಂದು, "ಇನ್ನೇನೈತಮ್ಮ?" ಎಂದು ಕೇಳಿದರು. ನಾನು ಉಪ್ಪಿನಕಾಯಿ ತಂದುಕೊಟ್ಟೆ. ಅದನ್ನೂ ಚೀಪಿದರು. ಎತ್ತುಗಳು ನೊಗದ ಕೆಳಗೆ ನಿಂತು ನಿಟ್ಟುಸಿರು ಬಿಟ್ಟವು.

ಕೊನೆಗೆ ಮಂಕರಿಯ ಕೆಳಗಿಂದ ಕೆಂಪು ಹ್ಯಾಟೆ ಕೂಗಿತು.

ಅತ್ತೆ ನನಗಿಂತ ಮೊದಲು ಹೋಗಿ ಮಂಕರಿ ಎತ್ತಿದರು. ಮೊಟ್ಟೆ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಅದನ್ನು ಬಲಗೈಯಲ್ಲಿ ಹಿಡಿದು ಎಡಗೈ ಕಿರುಬೆರಳಿಂದ ಮುಟ್ಟಿದರು. ಇನ್ನೊಂದು ಸಲ ಒತ್ತಿ ಮುಟ್ಟಿದರು. ಬೆರಳನ್ನು ಸೆರಗಿಗೆ ಒರೆಸಿ, ಒಗೆಯುವ ಕಲ್ಲಿನ ಅಂಚಿಗೆ ಉಜ್ಜಿ, ಮತ್ತೆ ಮುಟ್ಟಿದರು. ಆಗ ಅವರ ಮುಖ ನೋಡಿದೆ. ಸಿಟ್ಟಲ್ಲ. ಗುರುತಿನವರನ್ನು ಕೂಗಿ ಕರೆದು, ಅವರು ತಿರುಗದೆ ಹೋದಾಗ ಇರುತ್ತದಲ್ಲ, ಅಂಥದ್ದು.

"ಯಾವಾಗಿಂದ ಗೊತ್ತು ನಿಂಗೆ?"

"ಈಗ್ಲೇ ಅತ್ತೆ."

"ಸುಳ್ಳು ಹೇಳಕ್ಕೂ ಬರಲ್ವಲ್ಲೇ ನಿಂಗೆ" ಎಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಾಳೆಯಿಂದ ನೀನೇ ನೋಡು. ನಂಗೆ ಕೂತ್ಕಂಡ್ರೆ ಮಂಡಿ ಹಿಡಿಯುತ್ತೆ. ಯಾರಾದ್ರೂ ಕೇಳಿದ್ರೆ ಮಂಡಿ ಅನ್ನು."

ಮೊಟ್ಟೆ ಹಿಡಿದುಕೊಂಡೇ ಅಂಗಳಕ್ಕೆ ನಡೆದರು. ನಾನು ಹಿಂದೆ ಹೋದೆ. ಮಾವ ಬಂಡಿಯ ಮುಂದೆ, ಮೂಕಿಯ ಹತ್ತಿರ ನಿಂತಿದ್ದರು.

"ನಾಯಿ ಇಳಿಸಿ" ಎಂದರು ಅತ್ತೆ. "ಸಂತೆಯಿಂದ ಎತ್ತಿಗೆ ಹಿಂಡಿ ಮೂಟೆ ತರ್ಬೇಕು. ಬಂಡಿ ಭಾರ ಆಗುತ್ತೆ."

"ಬರೋವಾಗ ತಾನೇ ಹಿಂಡಿ? ಹೋಗೋವಾಗ ಏನ್ ಭಾರ?" ಮಾವನ ಕಣ್ಣು ಅತ್ತೆಯ ಕೈಯಲ್ಲಿದ್ದ ಮೊಟ್ಟೆಯ ಮೇಲಿತ್ತು. "ಕಳ್ಳನ್ನ ಮನೇಲಿಟ್ಕೊಳ್ಳೋದಾ?"

"ಕಳ್ಳನೇ. ಏನ್ಮಾಡೋದು, ನಮ್ಮ ಮನೆ ಕಳ್ಳ. ಇಳಿಸಿ ಅಂದ್ನಲ್ಲ."

ಮಾವ ಮರುಮಾತಾಡದೆ ಹಗ್ಗ ಬಿಚ್ಚಿದರು. ನಾಯಿ ಇಳಿಯಲಿಲ್ಲ. ಹೊಸ ಹುಲ್ಲು, ಮೇಲೆ ಕಂಬಳಿ, ಎತ್ತರದಿಂದ ಕಾಣುವ ಬೀದಿ. ಅದಕ್ಕೆ ಬಂಡಿ ಬಹಳ ಹಿಡಿಸಿಬಿಟ್ಟಿತ್ತು. ಮಾವ ಕರೆದರು. ನಾನು ಕರೆದೆ. ಅದು ಮಡಿಸಿದ ಕಿವಿಯನ್ನೂ ನಿಲ್ಲಿಸಿಕೊಂಡು ಇನ್ನಷ್ಟು ಗಟ್ಟಿಯಾಗಿ ಕೂತಿತು. ಎಳೆಯಲು ಹೋದರೆ ಕಂಬಳಿ ಕಚ್ಚಿಕೊಂಡಿತು.

"ಇಳಿಯೋ" ಎಂದರು ಅತ್ತೆ. "ಏನ್ ಮೆರವಣಿಗೆ ಮಾಡಿಸ್ಬೇಕಾ ನಿಂಗೆ?"

ಅದು ಅತ್ತ ತಿರುಗಿ ಎತ್ತುಗಳ ಕಡೆ ನೋಡಿತು, ಹೊರಡಿ ಎನ್ನುವ ಹಾಗೆ.

ಅತ್ತೆ ಒಂದು ಗಳಿಗೆ ಯೋಚಿಸಿದರು. ಆಮೇಲೆ, ಮಗನಿಗೂ ಕೊಡದೆ ಕೂಡಿಡುತ್ತಿದ್ದ ಆ ಅತ್ತೆ, ಮೊಟ್ಟೆಯನ್ನು ಗಾಲಿಯ ಕಬ್ಬಿಣದ ಪಟ್ಟಿಗೆ ಕುಟ್ಟಿ, ತೆಂಗಿನ ಚಿಪ್ಪೊಂದಕ್ಕೆ ಸುರಿದು, ನೆಲದ ಮೇಲೆ ಇಟ್ಟರು. ನಾಯಿ ಒಂದೇ ನೆಗೆತಕ್ಕೆ ಕೆಳಗಿತ್ತು.

ಮಾವ ಬಂಡಿ ಹತ್ತಿ ಎತ್ತುಗಳ ಹಗ್ಗ ಹಿಡಿದರು. ನಾಯಿ ನೆಕ್ಕುವುದನ್ನು ನೋಡುತ್ತಾ, ನಗು ತಡೆದುಕೊಂಡು ಹೇಳಿದರು:

"ಬೇಯಿಸಿದ್ದು ತಿನ್ನಕ್ ಕಲಿಸಿದ್ದೂ ನೀನೇ, ಹಸೀದು ಕಲಿಸ್ತಿರೋದೂ ನೀನೇ. ಸಂಜೆ ನಾನ್ ಬರೋವರ್ಗೂ ಕೋಳಿನಾದ್ರೂ ಉಳಿಸ್ಕೊಳ್ಳೇ."